ಬೊಜ್ಜು, ಕೊಲೆಸ್ಟ್ರಾಲ್ ಮಾತ್ರೆ ಮತ್ತು ಗಂಡಸಿನ ವೀರ್ಯ: ಯಾವುದಕ್ಕೆ ಹೆದರಬೇಕು?

"ಕೊಲೆಸ್ಟ್ರಾಲ್ ಮಾತ್ರೆ ತಗೊಂಡ್ರೆ ಮಕ್ಕಳಾಗಲ್ವಂತೆ, ಹೌದಾ?" ಮೂವತ್ತು ದಾಟಿದ, ಮಗುವಿಗಾಗಿ ಕಾಯುತ್ತಿರುವ ಗಂಡಸರ ನಡುವೆ ಈ ಪ್ರಶ್ನೆ ಆಗಾಗ ಕೇಳಿಬರುತ್ತದೆ. ಕೆಲವರು ಡಾಕ್ಟರನ್ನು ಕೇಳುತ್ತಾರೆ. ಇನ್ನು ಕೆಲವರು ಯಾರನ್ನೂ ಕೇಳದೆ ಮಾತ್ರೆ ನಿಲ್ಲಿಸಿಬಿಡುತ್ತಾರೆ. ಆದರೆ "ಪ್ಯಾಂಟಿನ ಸೈಜು 34ರಿಂದ 40ಕ್ಕೆ ಹೋಗಿದೆ, ಇದರಿಂದ ಮಕ್ಕಳಾಗೋಕೆ ತೊಂದರೆ ಇದೆಯಾ?" ಅಂತ ಕೇಳುವವರು ತೀರಾ ಕಡಿಮೆ.

ಹೆದರಿಕೆ ಒಂದು ಕಡೆ, ತೊಂದರೆ ಇನ್ನೊಂದು ಕಡೆ. ಈವರೆಗಿನ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಬೊಜ್ಜಿನ ಮೇಲಿರುವ ಆರೋಪ ಗಟ್ಟಿ, ಮಾತ್ರೆಯ ಮೇಲಿರುವ ಆರೋಪ ಸಡಿಲ. ಪೂರ್ತಿ ಸುಳ್ಳು ಅಂತ ಹೇಳುತ್ತಿಲ್ಲ, ಸಡಿಲ ಅಷ್ಟೇ. ಯಾಕೆ ಅಂತ ತಿಳಿಯಬೇಕಾದರೆ ವೀರ್ಯಾಣು ಹೇಗೆ ತಯಾರಾಗುತ್ತದೆ ಅನ್ನುವಲ್ಲಿಂದ ಶುರು ಮಾಡಬೇಕು.

ವೃಷಣದ ಒಳಗೆ

ವೃಷಣದಲ್ಲಿ ಎರಡು ಬಗೆಯ ಕೋಶಗಳ ಕೆಲಸ ಮುಖ್ಯ. ಒಂದು ಲೇಡಿಗ್ ಕೋಶ. ಜರ್ಮನಿಯ ಫ್ರಾಂಜ್ ಲೇಡಿಗ್ 1850ರಲ್ಲಿ ಇವನ್ನು ವಿವರಿಸಿದರು. ಟೆಸ್ಟೊಸ್ಟೆರಾನ್ ತಯಾರಾಗುವುದು ಇಲ್ಲಿ. ಇನ್ನೊಂದು ಸರ್ಟೋಲಿ ಕೋಶ. ಇಟಲಿಯ ಎನ್ರಿಕೊ ಸರ್ಟೋಲಿ 1865ರಲ್ಲಿ ವಿವರಿಸಿದ್ದು. ಬೆಳೆಯುತ್ತಿರುವ ವೀರ್ಯಾಣುಗಳನ್ನು ಸುತ್ತುವರಿದು, ಅವಕ್ಕೆ ಬೇಕಾದ್ದನ್ನು ಒದಗಿಸಿ ಸಾಕುವುದು ಇವು.

ಈ ಎರಡಕ್ಕೂ ಆಜ್ಞೆ ಬರುವುದು ತಲೆಯಿಂದ. ಮೆದುಳಿನ ಬುಡದಲ್ಲಿರುವ ಹೈಪೊಥಲಾಮಸ್ ಸುಮಾರು ಒಂದೂವರೆ ಎರಡು ಗಂಟೆಗೊಮ್ಮೆ ಒಂದು ಹಾರ್ಮೋನನ್ನು ಬಿಡುತ್ತದೆ. ಅದನ್ನು ಕಂಡ ಪಿಟ್ಯುಟರಿ ಗ್ರಂಥಿ ಎಲ್‌ಎಚ್, ಎಫ್‌ಎಸ್‌ಎಚ್ ಅನ್ನುವ ಇನ್ನೆರಡು ಹಾರ್ಮೋನುಗಳನ್ನು ರಕ್ತಕ್ಕೆ ಕಳಿಸುತ್ತದೆ. ಎಲ್‌ಎಚ್ ಲೇಡಿಗ್ ಕೋಶಕ್ಕೆ, ಎಫ್‌ಎಸ್‌ಎಚ್ ಸರ್ಟೋಲಿ ಕೋಶಕ್ಕೆ. ಟೆಸ್ಟೊಸ್ಟೆರಾನ್ ಸಾಕಷ್ಟಾದಾಗ ತಲೆಗೆ ಸುದ್ದಿ ಹೋಗಿ ಆಜ್ಞೆ ತಗ್ಗುತ್ತದೆ. ಮನೆ ಮೇಲಿನ ಟ್ಯಾಂಕಿನಲ್ಲಿ ಫ್ಲೋಟ್ ವಾಲ್ವ್ ಇರುತ್ತಲ್ಲ, ನೀರು ತುಂಬಿದ ಕೂಡಲೇ ತಾನೇ ಮುಚ್ಚಿಕೊಳ್ಳುತ್ತದೆ, ಹಾಗೆ. ಈ ವಾಲ್ವನ್ನು ನೆನಪಿಟ್ಟುಕೊಳ್ಳಿ, ಮುಂದೆ ಎರಡು ಸಲ ಬೇಕಾಗುತ್ತದೆ.

ವೀರ್ಯಾಣು ಒಂದು ದಿನದಲ್ಲಿ ಆಗುವಂಥದ್ದಲ್ಲ. ಮೂಲ ಕೋಶದಿಂದ ಬಾಲ ಇರುವ ವೀರ್ಯಾಣು ಆಗಲು ಸುಮಾರು 74 ದಿನ ಬೇಕು. ಆಮೇಲೆ ವೃಷಣಕ್ಕೆ ಅಂಟಿಕೊಂಡಿರುವ ಎಪಿಡಿಡಿಮಿಸ್ ಎಂಬ ಸುರುಳಿ ನಾಳದಲ್ಲಿ ಹಾದುಹೋಗುತ್ತಾ ಈಜಲು ಕಲಿಯಬೇಕು. ಒಟ್ಟಿನಲ್ಲಿ ಮೂರು ತಿಂಗಳು ಅಂತ ಇಟ್ಟುಕೊಳ್ಳಿ. ಇವತ್ತು ಲ್ಯಾಬಿಗೆ ಕೊಟ್ಟ ಸ್ಯಾಂಪಲ್ ಹೇಳುವುದು ಮೂರು ತಿಂಗಳ ಹಿಂದೆ ದೇಹ ಹೇಗಿತ್ತು ಅನ್ನುವುದನ್ನು. ಇದು ಗೊತ್ತಿಲ್ಲದೆ ಹದಿನೈದು ದಿನ ಜಿಮ್‌ಗೆ ಹೋಗಿ ಮತ್ತೆ ಟೆಸ್ಟ್ ಮಾಡಿಸಿ "ಏನೂ ಬದಲಾಗಿಲ್ಲ" ಅಂತ ಬೇಜಾರಾಗುವವರು ಬಹಳ ಜನ.

ಇನ್ನು ಕೊಲೆಸ್ಟ್ರಾಲ್ ಎಲ್ಲಿ ಬಂತು ಅಂದರೆ, ಟೆಸ್ಟೊಸ್ಟೆರಾನ್ ತಯಾರಾಗುವುದೇ ಅದರಿಂದ. ಲೇಡಿಗ್ ಕೋಶ ಕೊಲೆಸ್ಟ್ರಾಲನ್ನು ತನ್ನೊಳಗಿನ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಾದ ಒಳಕ್ಕೆ ಸಾಗಿಸಿ, ಅಲ್ಲಿ ಅದರ ಒಂದು ಭಾಗ ಕತ್ತರಿಸಿ, ಹಲವು ಹಂತಗಳಲ್ಲಿ ತಿದ್ದಿ ಟೆಸ್ಟೊಸ್ಟೆರಾನ್ ಮಾಡುತ್ತದೆ. ವೃಷಣದೊಳಗೆ ಅದರ ಪ್ರಮಾಣ ರಕ್ತದಲ್ಲಿ ಇರುವುದಕ್ಕಿಂತ ಹತ್ತಾರು ಪಟ್ಟು ಜಾಸ್ತಿ. ಅಷ್ಟಿದ್ದರೇ ವೀರ್ಯಾಣು ಬೆಳೆಯುವುದು.

ಹಾಗಾಗಿ "ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ ತಿಂದರೆ ಗಂಡಸಿನ ಹಾರ್ಮೋನೂ ಇಳಿಯುತ್ತದೆ" ಅನ್ನುವ ಅನುಮಾನ ಪೆದ್ದು ಅನುಮಾನವೇನಲ್ಲ. ವಿಜ್ಞಾನಿಗಳಿಗೂ ಇದೇ ಅನುಮಾನ ಬಂದಿತ್ತು. ಅದನ್ನು ಪರೀಕ್ಷೆ ಮಾಡಿಯೂ ನೋಡಿದ್ದಾರೆ. ಅದಕ್ಕೆ ಬರುವ ಮೊದಲು ಹೊಟ್ಟೆಯ ಲೆಕ್ಕ ಮುಗಿಸೋಣ.

ಹೊಟ್ಟೆಯ ಕೊಬ್ಬು ಸುಮ್ಮನೆ ಕೂತಿರುವುದಿಲ್ಲ

ಕೊಬ್ಬು ಅಂದರೆ ಮೂಟೆ ಕಟ್ಟಿಟ್ಟ ಎಣ್ಣೆ ಅಂತ ನಾವು ಅಂದುಕೊಳ್ಳುತ್ತೇವೆ. ನಿಜಕ್ಕೂ ಅದು ಹಾರ್ಮೋನುಗಳನ್ನು ತಯಾರಿಸುವ, ಬದಲಾಯಿಸುವ ಅಂಗ. ಕೊಬ್ಬಿನ ಕೋಶಗಳಲ್ಲಿ ಅರೊಮಟೇಸ್ ಅನ್ನುವ ಕಿಣ್ವ ಇದೆ. ಇದು ಟೆಸ್ಟೊಸ್ಟೆರಾನನ್ನು ಈಸ್ಟ್ರೊಜೆನ್ ಆಗಿ ಬದಲಾಯಿಸುತ್ತದೆ. ಎಲ್ಲ ಗಂಡಸರಲ್ಲೂ ಇದು ಸ್ವಲ್ಪ ನಡೆಯುತ್ತದೆ, ಮೂಳೆ ಗಟ್ಟಿಯಾಗಿರಲು ಅದು ಬೇಕೂ ಬೇಕು. ಕೊಬ್ಬು ಜಾಸ್ತಿಯಾದಷ್ಟೂ ಈ ಬದಲಾವಣೆ ಜಾಸ್ತಿ.

ಈಗ ಆ ವಾಲ್ವ್ ನೆನಪಿಸಿಕೊಳ್ಳಿ. ತಲೆಯಲ್ಲಿರುವ ವಾಲ್ವನ್ನು ಮುಚ್ಚುವುದರಲ್ಲಿ ಈಸ್ಟ್ರೊಜೆನ್ ಬಲು ಚುರುಕು. ಅದು ಜಾಸ್ತಿಯಾದಾಗ ತಲೆಗೆ "ಹಾರ್ಮೋನು ಸಾಕಷ್ಟಿದೆ" ಅಂತ ತಪ್ಪು ಸುದ್ದಿ ಹೋಗುತ್ತದೆ. ಎಲ್‌ಎಚ್ ಇಳಿಯುತ್ತದೆ. ಲೇಡಿಗ್ ಕೋಶಗಳಿಗೆ ಕೆಲಸದ ಆಜ್ಞೆ ಕಡಿಮೆಯಾಗುತ್ತದೆ. ಟೆಸ್ಟೊಸ್ಟೆರಾನ್ ಇನ್ನೂ ಇಳಿಯುತ್ತದೆ. ಟೆಸ್ಟೊಸ್ಟೆರಾನ್ ಇಳಿದರೆ ಸ್ನಾಯು ಕರಗುತ್ತದೆ, ಹೊಟ್ಟೆಯ ಕೊಬ್ಬು ಬೆಳೆಯುತ್ತದೆ. ಕೊಬ್ಬು ಬೆಳೆದರೆ ಅರೊಮಟೇಸ್ ಮತ್ತೆ ಜಾಸ್ತಿ. ಈ ಸುತ್ತಿನೊಳಗೆ ಸಿಕ್ಕಿಕೊಂಡವರಿಗೆ ತೂಕ ಇಳಿಸುವುದೂ ಕಷ್ಟ ಆಗುವುದಕ್ಕೆ ಇದೂ ಒಂದು ಕಾರಣ.

ಇದರ ಜೊತೆಗೆ ಲೆಪ್ಟಿನ್. ಕೊಬ್ಬಿನ ಕೋಶಗಳೇ ಬಿಡುವ ಹಾರ್ಮೋನು ಅದು, "ಹೊಟ್ಟೆ ತುಂಬಿದೆ" ಅಂತ ಮೆದುಳಿಗೆ ಹೇಳುವುದು ಅದರ ಕೆಲಸ. ಬೊಜ್ಜು ಇರುವವರಲ್ಲಿ ಲೆಪ್ಟಿನ್ ಎಷ್ಟು ಜಾಸ್ತಿ ಇರುತ್ತದೆಂದರೆ ಮೆದುಳು ಅದನ್ನು ಕೇಳಿಸಿಕೊಳ್ಳುವುದನ್ನೇ ಬಿಡುತ್ತದೆ. ಹೈಪೊಥಲಾಮಸ್‌ನ ಹಾರ್ಮೋನು ಬಿಡುವ ಮಿಡಿತವೂ ಇದರಿಂದ ಮಂಕಾಗುತ್ತದೆ. ಇನ್ಸುಲಿನ್ ಜಾಸ್ತಿ ಇದ್ದಾಗ ಲಿವರ್ ಎಸ್‌ಎಚ್‌ಬಿಜಿ ಅನ್ನುವ ಪ್ರೊಟೀನನ್ನು ಕಡಿಮೆ ಮಾಡುತ್ತದೆ. ಟೆಸ್ಟೊಸ್ಟೆರಾನ್ ರಕ್ತದಲ್ಲಿ ಓಡಾಡುವುದು ಬಹುಪಾಲು ಇಂಥ ಪ್ರೊಟೀನುಗಳ ಬೆನ್ನೇರಿ. ಹಾಗಾಗಿ ದಪ್ಪ ಇರುವವರ ರಿಪೋರ್ಟಿನಲ್ಲಿ ಒಟ್ಟು ಟೆಸ್ಟೊಸ್ಟೆರಾನ್ ಕಡಿಮೆ ಕಂಡಾಗ, ಪ್ರೊಟೀನಿಗೆ ಅಂಟದೆ ಓಡಾಡುವ ಬಿಡಿ ಟೆಸ್ಟೊಸ್ಟೆರಾನ್ ಎಷ್ಟಿದೆ ಅಂತಲೂ ನೋಡಬೇಕು. ಎಷ್ಟೋ ಸಲ ಅದು ಸರಿಯಾಗೇ ಇರುತ್ತದೆ. ಒಂದೇ ಅಂಕಿ ನೋಡಿ ಗಾಬರಿಯಾಗಿ ಇಂಜೆಕ್ಷನ್‌ಗೆ ಓಡುವವರಿಗೆ ಈ ಮಾತು ಗೊತ್ತಿರಬೇಕು.

ಬಿಸಿಯ ವಿಷಯವೂ ಇದೆ. ವೃಷಣಗಳು ದೇಹದ ಹೊರಗೆ ತೂಗಾಡುವುದು ಸುಮ್ನೆ ಅಲ್ಲ. ದೇಹದ ಒಳಗಿನ ಶಾಖಕ್ಕಿಂತ 2ರಿಂದ 4 ಡಿಗ್ರಿ ಸೆಲ್ಸಿಯಸ್ ತಣ್ಣಗಿದ್ದರೆ ಮಾತ್ರ ಅಲ್ಲಿ ಕೆಲಸ ಸರಿಯಾಗಿ ನಡೆಯುತ್ತದೆ. ತೊಡೆ ಸಂದಿಯಲ್ಲಿ, ಹೊಟ್ಟೆಯ ಕೆಳಭಾಗದಲ್ಲಿ ಕೊಬ್ಬು ತುಂಬಿಕೊಂಡು, ದಿನಕ್ಕೆ ಹತ್ತು ಗಂಟೆ ಕುರ್ಚಿಯಲ್ಲೋ ಕಾರಿನ ಸೀಟಿನಲ್ಲೋ ಕೂತರೆ ಆ ತಂಪು ಉಳಿಯುವುದಿಲ್ಲ.

ಇನ್ನೊಂದು ಹಾನಿ ಕಣ್ಣಿಗೆ ಕಾಣದ್ದು. ಬೊಜ್ಜು ಇರುವ ದೇಹದಲ್ಲಿ ಸಣ್ಣ ಪ್ರಮಾಣದ ಉರಿಯೂತ ಯಾವಾಗಲೂ ಇರುತ್ತದೆ. ಅದರಿಂದ ಹುಟ್ಟುವ ಚುರುಕು ಆಮ್ಲಜನಕದ ಕಣಗಳು ವೀರ್ಯಾಣುವಿನ ಹೊರಪೊರೆಯನ್ನೂ ಒಳಗಿನ ಡಿಎನ್‌ಎಯನ್ನೂ ಹಾಳು ಮಾಡುತ್ತವೆ. ವೀರ್ಯಾಣುವಿನ ಪೊರೆಯಲ್ಲಿ ಬೇಗ ಕೆಡುವಂಥ ಕೊಬ್ಬಿನಾಮ್ಲಗಳು ತುಂಬಿವೆ, ಆದರೆ ಆದ ಹಾನಿಯನ್ನು ರಿಪೇರಿ ಮಾಡಿಕೊಳ್ಳುವ ಸಾಮಗ್ರಿ ಅದರ ಬಳಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಮಾಮೂಲಿ ವೀರ್ಯ ಪರೀಕ್ಷೆಯಲ್ಲಿ ಡಿಎನ್‌ಎ ಹಾನಿ ಕಾಣುವುದಿಲ್ಲ. ಅದಕ್ಕೆ ಬೇರೆ ಟೆಸ್ಟ್ ಬೇಕು.

ಗೊರಕೆ, ನಿದ್ದೆಯಲ್ಲಿ ಉಸಿರುಗಟ್ಟುವುದು, ಶುಗರ್, ಬಿ.ಪಿ., ನಿಮಿರುವಿಕೆಯ ತೊಂದರೆ, ಇವೆಲ್ಲ ಬೊಜ್ಜಿನ ಜೊತೆಗೇ ಬರುವ ನೆಂಟರು. ಕೌಂಟ್, ಅಂದರೆ ವೀರ್ಯಾಣುಗಳ ಸಂಖ್ಯೆ, ಚೆನ್ನಾಗಿದ್ದರೂ ಇವುಗಳಿಂದ ಗಂಡ ಹೆಂಡತಿ ಕೂಡುವುದೇ ಅಪರೂಪವಾದರೆ ಮಗು ಎಲ್ಲಿಂದ ಆಗಬೇಕು?

ಈಗ ಅಂಕಿ. ಫ್ರಾನ್ಸಿನ ಸಂಶೋಧಕರ ಮುಂದಾಳುತನದಲ್ಲಿ 21 ಅಧ್ಯಯನಗಳನ್ನು, ಒಟ್ಟು 13 ಸಾವಿರಕ್ಕೂ ಹೆಚ್ಚು ಗಂಡಸರ ಮಾಹಿತಿಯನ್ನು ಸೇರಿಸಿ ಮಾಡಿದ ಒಂದು ವಿಶ್ಲೇಷಣೆ 2013ರಲ್ಲಿ ಬಂತು. ಸರಿಯಾದ ತೂಕದವರಿಗೆ ಹೋಲಿಸಿದರೆ ಬೊಜ್ಜು ಇರುವವರಲ್ಲಿ ಕೌಂಟ್ ಕಡಿಮೆ ಇರುವ ಅಥವಾ ವೀರ್ಯಾಣುವೇ ಇಲ್ಲದಿರುವ ಸಂಭವ ಸುಮಾರು 1.28 ಪಟ್ಟು. ವಿಪರೀತ ಬೊಜ್ಜು ಇರುವವರಲ್ಲಿ, ಅಂದರೆ ಬಿ.ಎಂ.ಐ. (ಎತ್ತರಕ್ಕೆ ಹೋಲಿಸಿ ತೂಕ ಅಳೆಯುವ ಅಂಕಿ) 40 ದಾಟಿದವರಲ್ಲಿ, ಸುಮಾರು 2 ಪಟ್ಟು. ಇದರ ಅರ್ಥ ದಪ್ಪ ಇರುವವರಿಗೆಲ್ಲ ಮಕ್ಕಳಾಗುವುದಿಲ್ಲ ಅಂತಲ್ಲ. ನೂರು ಕೇಜಿ ತೂಗುವ, ಮೂರು ಮಕ್ಕಳ ತಂದೆ ನಿಮ್ಮ ನೆಂಟರಲ್ಲೇ ಇರಬಹುದು. ಸಂಭವ ಏರುತ್ತದೆ, ತೂಕ ಏರಿದಷ್ಟೂ ಏರುತ್ತದೆ.

ನಮ್ಮವರು ಇಲ್ಲಿ ಒಂದು ವಿಷಯ ಗಮನಿಸಬೇಕು. ಈ ಅಂಕಿಗಳು ಬಹುತೇಕ 30 ಬಿ.ಎಂ.ಐ. ಅನ್ನು ಬೊಜ್ಜಿನ ಗೆರೆ ಅಂತ ಇಟ್ಟುಕೊಂಡವು. ಭಾರತೀಯರಲ್ಲಿ ಕಡಿಮೆ ತೂಕಕ್ಕೇ ಹೊಟ್ಟೆ ಸುತ್ತ ಕೊಬ್ಬು ಸೇರುವುದರಿಂದ ನಮ್ಮ ತಜ್ಞರು ಆ ಗೆರೆಯನ್ನು 25ಕ್ಕೆ ಇಳಿಸಿದ್ದಾರೆ. ಗಂಡಸರ ಸೊಂಟದ ಸುತ್ತಳತೆಗೆ 90 ಸೆಂ.ಮೀ. ಗೆರೆ. 170 ಸೆಂ.ಮೀ. ಎತ್ತರ, 76 ಕೇಜಿ ತೂಕದ ಒಬ್ಬರನ್ನು ತಗೊಳ್ಳಿ. ಬಿ.ಎಂ.ಐ. 26.3. ಮನೆಯವರ ಕಣ್ಣಿಗೆ ಅವರು "ಸ್ವಲ್ಪ ಮೈ ಕೈ ತುಂಬಿಕೊಂಡವರು", ನಮ್ಮ ಲೆಕ್ಕದಲ್ಲಿ ಬೊಜ್ಜು ಇರುವವರು. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಗಂಡಸರಲ್ಲಿ ಹತ್ತಕ್ಕೆ ಸುಮಾರು ಮೂವರು ಅತಿತೂಕದವರು. ಅದು ಬಿ.ಎಂ.ಐ. 25 ಇಟ್ಟುಕೊಂಡು ಮಾಡಿದ ಲೆಕ್ಕ.

ರಿಪೋರ್ಟ್ ಓದುವುದು ಹೇಗೆ

ವೀರ್ಯ ಪರೀಕ್ಷೆ ಅಂದ ಕೂಡಲೇ ಮುಜುಗರ. ನಿಜಕ್ಕೂ ಇದು ಸರಳ ಪರೀಕ್ಷೆ. 2ರಿಂದ 7 ದಿನ ವೀರ್ಯ ಹೊರಹೋಗದಂತೆ ಇದ್ದು, ಲ್ಯಾಬ್ ಕೊಟ್ಟ ಡಬ್ಬಿಯಲ್ಲೇ ಸ್ಯಾಂಪಲ್ ಕೊಡಬೇಕು. ಮನೆಯಲ್ಲಿ ತೆಗೆದರೆ ಒಂದು ಗಂಟೆಯೊಳಗೆ, ತಣ್ಣಗಾಗಲು ಬಿಡದೆ ತಲುಪಿಸಬೇಕು. ಮೊದಮೊದಲು ಗಟ್ಟಿಯಾಗಿರುವ ವೀರ್ಯ ಅರ್ಧ ಗಂಟೆ ಆಸುಪಾಸಿನಲ್ಲಿ ನೀರಾಗುತ್ತದೆ. ಆಮೇಲೆ ಟೆಕ್ನಿಷಿಯನ್ ಒಂದು ಹನಿಯನ್ನು ಚೌಕದ ಗೆರೆಗಳಿರುವ ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಾರೆ. ಕೆಲವು ನೇರ ಈಜುತ್ತವೆ, ಕೆಲವು ನಿಂತಲ್ಲೇ ಬಾಲ ಅಲ್ಲಾಡಿಸುತ್ತವೆ, ಕೆಲವು ಅಲ್ಲಾಡುವುದೇ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಕೆಳಗಿನ ಮಿತಿಗಳು ಹೀಗಿವೆ: ಪ್ರಮಾಣ 1.4 ಮಿ.ಲೀ., ಒಂದು ಮಿ.ಲೀ.ಗೆ 1.6 ಕೋಟಿ ವೀರ್ಯಾಣು, ಒಟ್ಟು 3.9 ಕೋಟಿ, ಮುಂದಕ್ಕೆ ಈಜುವವು 30%, ಸರಿಯಾದ ಆಕಾರದವು 4%. ಈ ಕೊನೆಯ ಅಂಕಿ ನೋಡಿ ಬೆವರುವವರೇ ಎಲ್ಲರೂ. "96% ಕೆಟ್ಟಿದೆಯಂತೆ!" ಹಾಗೆ ಓದಬೇಡಿ. ಆಕಾರದ ಅಳತೆ ಅಷ್ಟು ಕಟ್ಟುನಿಟ್ಟು. ತಂದೆಯಾದ ಆರೋಗ್ಯವಂತರಲ್ಲೂ ಬಹುಪಾಲು ವೀರ್ಯಾಣುಗಳು ಆ ಅಳತೆಗೆ ಸಿಗುವುದಿಲ್ಲ. ಇನ್ನೊಂದು, ಈ ಮಿತಿಗಳು ಪಾಸು ಫೇಲಿನ ಗೆರೆ ಅಲ್ಲ. ಒಂದು ವರ್ಷದೊಳಗೆ ಹೆಂಡತಿ ಗರ್ಭಿಣಿಯಾದ ಗಂಡಸರ ಅಂಕಿಗಳನ್ನು ಸಾಲಾಗಿ ಜೋಡಿಸಿ, ಕೆಳಗಿನಿಂದ ನೂರಕ್ಕೆ ಐದನೆಯವರ ಅಂಕಿಯನ್ನು ಗೆರೆ ಅಂತ ಇಟ್ಟಿದ್ದಾರೆ. ಅದರ ಕೆಳಗಿದ್ದೂ ತಂದೆಯಾದವರಿದ್ದಾರೆ ಅಂತಾಯಿತಲ್ವಾ?

ಒಬ್ಬನದೇ ಕೌಂಟ್ ಒಂದು ತಿಂಗಳಿಂದ ಇನ್ನೊಂದಕ್ಕೆ ವಿಪರೀತ ಏರುಪೇರಾಗುತ್ತದೆ. ಜ್ವರ ಬಂದಿದ್ದರೆ ಕುಸಿಯುತ್ತದೆ. ಅದಕ್ಕೇ ಒಂದು ಟೆಸ್ಟ್ ಕೆಟ್ಟದಾಗಿ ಬಂದರೆ ಕೆಲವು ವಾರ ಬಿಟ್ಟು ಇನ್ನೊಂದು ಮಾಡಿಸುವುದು. ಈ ಏರುಪೇರಿನ ಸಂಗತಿ ಮಾತ್ರೆಗಳ ಅಧ್ಯಯನ ಓದುವಾಗಲೂ ಬೇಕು.

ಮಾತ್ರೆಯ ಮೇಲಿನ ಆರೋಪ

ಕೊಲೆಸ್ಟ್ರಾಲ್ ಇಳಿಸುವ ಮುಖ್ಯ ಮಾತ್ರೆಗಳಾದ ಸ್ಟಾಟಿನ್‌ಗಳ ಕಥೆ ಶುರುವಾಗುವುದು ಬೂಷ್ಟಿನಿಂದ. ಜಪಾನಿನ ಅಕಿರ ಎಂಡೊ ಸಾಂಕ್ಯೊ ಕಂಪನಿಯಲ್ಲಿ ಸಾವಿರಾರು ಬೂಷ್ಟುಗಳನ್ನು ಒಂದೊಂದಾಗಿ ಪರೀಕ್ಷಿಸಿ 1973ರಲ್ಲಿ ಮೊದಲ ಸ್ಟಾಟಿನ್ ಕಂಡುಹಿಡಿದರು. ಮೊದಲು ಮಾರುಕಟ್ಟೆಗೆ ಬಂದ ಸ್ಟಾಟಿನ್ ಲೊವಾಸ್ಟಾಟಿನ್, ಅದಕ್ಕೆ 1987ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಈಗ ನಮ್ಮ ಮೆಡಿಕಲ್ ಶಾಪುಗಳಲ್ಲಿ ಹೆಚ್ಚು ಓಡುವುದು ಅಟೊರ್ವಾಸ್ಟಾಟಿನ್ ಮತ್ತು ರೊಸುವಾಸ್ಟಾಟಿನ್. ಎಲ್ಲವೂ ಮಾಡುವುದು ಒಂದೇ ಕೆಲಸ: ದೇಹ ತಾನೇ ಕೊಲೆಸ್ಟ್ರಾಲ್ ತಯಾರಿಸುವ ದಾರಿಯಲ್ಲಿ ಒಂದು ಮುಖ್ಯ ಕಿಣ್ವವನ್ನು ತಡೆಯುವುದು. ತನ್ನಲ್ಲಿ ತಯಾರಿ ಕಡಿಮೆಯಾದಾಗ ಲಿವರ್ ರಕ್ತದಿಂದ ಎಲ್‌ಡಿಎಲ್ ಅನ್ನುವ "ಕೆಟ್ಟ" ಕೊಲೆಸ್ಟ್ರಾಲನ್ನು ಎಳೆದುಕೊಳ್ಳುತ್ತದೆ, ರಕ್ತದಲ್ಲಿ ಅದು ಇಳಿಯುತ್ತದೆ.

ಮುಖ್ಯ ಕೆಲಸ ನಡೆಯುವುದು ಲಿವರಿನಲ್ಲಿ, ವೃಷಣದಲ್ಲಲ್ಲ. ನುಂಗಿದ ಮಾತ್ರೆಯ ಬಹುಪಾಲನ್ನು ಲಿವರ್ ಮೊದಲ ಸುತ್ತಿನಲ್ಲೇ ಹಿಡಿದುಕೊಳ್ಳುತ್ತದೆ. ಲೇಡಿಗ್ ಕೋಶಕ್ಕೆ ಕೊಲೆಸ್ಟ್ರಾಲ್ ಒದಗುವ ದಾರಿಗಳೂ ಒಂದಕ್ಕಿಂತ ಹೆಚ್ಚು. ತಾನೇ ತಯಾರಿಸಬಲ್ಲದು, ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತು ಓಡಾಡುವ ಎಲ್‌ಡಿಎಲ್, ಎಚ್‌ಡಿಎಲ್ ಕಣಗಳಿಂದ ತೆಗೆದುಕೊಳ್ಳಬಲ್ಲದು, ಸ್ವಲ್ಪ ದಾಸ್ತಾನೂ ಇಟ್ಟುಕೊಂಡಿರುತ್ತದೆ. ದಿನಕ್ಕೆ ಬೇಕಾದ ಟೆಸ್ಟೊಸ್ಟೆರಾನ್ ಕೆಲವೇ ಮಿಲಿಗ್ರಾಂ. ಅಷ್ಟಕ್ಕೆ ಕಚ್ಚಾವಸ್ತು ಸಾಲದೆ ಹೋಗುವುದು ಸುಲಭವಲ್ಲ.

ಇದು ತರ್ಕ ಆಯಿತು. ಮನುಷ್ಯರಲ್ಲಿ ನೋಡಿದಾಗ ಏನಾಯಿತು?

2000ದಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ಕೊಲೆಸ್ಟ್ರಾಲ್ ಜಾಸ್ತಿ ಇದ್ದ 159 ಗಂಡಸರನ್ನು ಗುಂಪು ಮಾಡಿ, ಕೆಲವರಿಗೆ ಸಿಮ್ವಾಸ್ಟಾಟಿನ್, ಕೆಲವರಿಗೆ ಪ್ರಾವಾಸ್ಟಾಟಿನ್, ಉಳಿದವರಿಗೆ ಔಷಧಿ ಇಲ್ಲದ ಹುಸಿ ಮಾತ್ರೆ ಕೊಟ್ಟರು. 24 ವಾರ, ಅಂದರೆ ವೀರ್ಯಾಣುವಿನ ಎರಡು ಸುತ್ತು ಮುಗಿಯುವಷ್ಟು ಕಾಲ. ಟೆಸ್ಟೊಸ್ಟೆರಾನ್ ಆಗಲಿ, ವೀರ್ಯಾಣು ಆಗಲಿ, ಚಿಂತೆಗೆ ಕಾರಣವಾಗುವಷ್ಟು ಬದಲಾಗಲಿಲ್ಲ.

2013ರಲ್ಲಿ ಹಲವು ಪ್ರಯೋಗಗಳ ಸುಮಾರು 500 ಗಂಡಸರ ಮಾಹಿತಿ ಸೇರಿಸಿ ನೋಡಿದಾಗ ಸ್ಟಾಟಿನ್ ತೆಗೆದುಕೊಂಡವರಲ್ಲಿ ಟೆಸ್ಟೊಸ್ಟೆರಾನ್ ಸರಾಸರಿ ಲೀಟರಿಗೆ 0.66 ನ್ಯಾನೊಮೋಲ್ ಇಳಿದಿತ್ತು. ನಮ್ಮ ಲ್ಯಾಬ್ ರಿಪೋರ್ಟಿನ ಲೆಕ್ಕಕ್ಕೆ ತಂದರೆ ಡೆಸಿಲೀಟರಿಗೆ ಸುಮಾರು 19 ನ್ಯಾನೊಗ್ರಾಂ. ಸಾಮಾನ್ಯ ಗಂಡಸಿನಲ್ಲಿ ಇರುವುದು ಸರಿಸುಮಾರು 300ರಿಂದ 1000. ಬೆಳಗ್ಗೆ ಮತ್ತು ಸಂಜೆಯ ನಡುವಿನ ವ್ಯತ್ಯಾಸವೇ ಇದಕ್ಕಿಂತ ದೊಡ್ಡದು. ಇಳಿಕೆ ನಿಜ, ಆದರೆ ಚಿಕ್ಕದು.

ಆರೋಪಕ್ಕೆ ಬಲ ಕೊಡುವ ಅಧ್ಯಯನವೂ ಇದೆ, ಅದನ್ನು ಮುಚ್ಚಿಡಬಾರದು. ಫ್ರಾನ್ಸಿನಲ್ಲಿ 17 ಮಂದಿ ಆರೋಗ್ಯವಂತರಿಗೆ ದಿನಕ್ಕೆ 10 ಮಿ.ಗ್ರಾಂ. ಅಟೊರ್ವಾಸ್ಟಾಟಿನ್ ಐದು ತಿಂಗಳು ಕೊಟ್ಟು ನೋಡಿದರು. 2014ರಲ್ಲಿ ಪ್ರಕಟವಾಯಿತು. ಒಟ್ಟು ವೀರ್ಯಾಣುಗಳ ಸಂಖ್ಯೆ 31% ಇಳಿದಿತ್ತು, ಆಕಾರದಲ್ಲೂ ದೋಷ ಜಾಸ್ತಿ ಕಂಡಿತು. ವಿಚಿತ್ರ ಅಂದರೆ ಚಲನೆ ಸ್ವಲ್ಪ ಮೇಲೇರಿತ್ತು. ಮಾತ್ರೆಗೆ ಹೆದರುವವರು ಎತ್ತಿ ತೋರಿಸುವುದು ಈ 31% ಅನ್ನು. ನನ್ನ ಲೆಕ್ಕದಲ್ಲಿ ಇದನ್ನು ತಳ್ಳಿಹಾಕಲೂಬಾರದು, ತಲೆ ಮೇಲೆ ಹೊರಲೂಬಾರದು. ಬರೀ 17 ಜನ. ಹೋಲಿಸಲು ಹುಸಿ ಮಾತ್ರೆಯ ಗುಂಪಿಲ್ಲ. ಕೌಂಟ್ ತಾನಾಗೇ ಎಷ್ಟು ಏರುಪೇರಾಗುತ್ತದೆ ಅಂತ ಆಗಲೇ ನೋಡಿದೆವು. ಮೇಲಾಗಿ ಇವರಿಗೆ ಕೊಲೆಸ್ಟ್ರಾಲ್ ತೊಂದರೆಯೇ ಇರಲಿಲ್ಲ, ಮಾತ್ರೆ ನಿಜಕ್ಕೂ ಬೇಕಾದವರ ದೇಹ ಬೇರೆ. ಹಾಗಂತ ಮೊದಲೇ ಕೌಂಟ್ ಗೆರೆಯ ಅಂಚಿನಲ್ಲಿರುವ ಒಬ್ಬನಿಗೆ ಈ ಇಳಿಕೆ ನಿಜವಾದರೆ ಲೆಕ್ಕಕ್ಕೆ ಬರುತ್ತದೆ. ಅವನು ಡಾಕ್ಟರ ಬಳಿ ಈ ಮಾತು ಎತ್ತುವುದು ಸರಿ.

ನಿಮಿರುವಿಕೆಯ ವಿಷಯದಲ್ಲಂತೂ ಲೆಕ್ಕ ಉಲ್ಟಾ. ಸ್ಟಾಟಿನ್ ತೆಗೆದುಕೊಂಡವರಲ್ಲಿ ಅದು ಸ್ವಲ್ಪ ಸುಧಾರಿಸಿದ್ದು ಹಲವು ಪ್ರಯೋಗಗಳಲ್ಲಿ ಕಂಡಿದೆ. ಶಿಶ್ನದ ರಕ್ತನಾಳಗಳು ಹೃದಯದ ನಾಳಗಳಿಗಿಂತ ಸಪೂರ, ಕೊಬ್ಬು ಕಟ್ಟಿದರೆ ಮೊದಲು ಗೊತ್ತಾಗುವುದು ಅಲ್ಲೇ.

ಮಾತ್ರೆಯ ಡಬ್ಬಿಯೊಳಗಿನ ಚೀಟಿಯೂ ಗೊಂದಲ ಹುಟ್ಟಿಸುತ್ತದೆ. ಗರ್ಭಧಾರಣೆಯ ಬಗ್ಗೆ ಎಚ್ಚರಿಕೆ ಅಂತ ಅದರಲ್ಲಿ ಬರೆದಿರುತ್ತದೆ. ಗಂಡ ಅದನ್ನು ಓದಿ ತನಗೇ ಹೇಳಿದ್ದು ಅಂದುಕೊಳ್ಳುತ್ತಾನೆ. ಆ ಎಚ್ಚರಿಕೆ ಮಾತ್ರೆ ನುಂಗುವ ಹೆಂಗಸಿಗೆ. ಹೊಟ್ಟೆಯಲ್ಲಿರುವ ಮಗುವಿಗೆ ಬೆಳೆಯಲು ಕೊಲೆಸ್ಟ್ರಾಲ್ ಬೇಕು ಅನ್ನುವ ಕಾರಣಕ್ಕೆ ಹಾಕಿದ್ದು. 2021ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಆ ಎಚ್ಚರಿಕೆಯನ್ನೂ ಸ್ವಲ್ಪ ಸಡಿಲಿಸಿದರು, ಆದರೂ ಗರ್ಭಿಣಿಯರಲ್ಲಿ ಹೆಚ್ಚಿನವರು ನಿಲ್ಲಿಸುವುದೇ ಒಳ್ಳೆಯದು ಅನ್ನುತ್ತಾರೆ. ಹೆಂಡತಿ ಸ್ಟಾಟಿನ್ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಮೊದಲೇ ಹೇಳಬೇಕು. ಗಂಡನದು ಬೇರೆ ವಿಷಯ.

ಫೆನೊಫೈಬ್ರೇಟ್, ಎಜೆಟಿಮೈಬ್ ಮೊದಲಾದ ಬೇರೆ ಮಾತ್ರೆಗಳ ಬಗ್ಗೆ ಗಂಡಸರಲ್ಲಿ ಅಧ್ಯಯನ ಇನ್ನೂ ಕಡಿಮೆ. ಕೌಂಟ್ ಇಳಿಸುತ್ತದೆ ಅಂತ ಖಚಿತವಾಗಿ ಗೊತ್ತಿರುವ ಮಾತ್ರೆ ಬೇಕೆಂದರೆ ಸಲ್ಫಸಲಜಿನ್ ನೋಡಿ. ಕರುಳು ಮತ್ತು ಕೀಲಿನ ಕಾಯಿಲೆಗೆ ಕೊಡುವಂಥದ್ದು. ನಿಲ್ಲಿಸಿದ ಎರಡು ಮೂರು ತಿಂಗಳಲ್ಲಿ ಕೌಂಟ್ ವಾಪಸ್ ಬರುತ್ತದೆ. ಅದಕ್ಕೆ ಹೆದರಿದವರನ್ನು ನಾನು ಕಂಡಿಲ್ಲ!

ಕೊಲೆಸ್ಟ್ರಾಲೇ ಜಾಸ್ತಿಯಾದರೆ?

ಇದು ಯಾರೂ ಕೇಳದ ಪ್ರಶ್ನೆ, ನನಗೆ ತುಂಬ ಕುತೂಹಲದ್ದು. ವೀರ್ಯಾಣುವಿನ ಹೊರಪೊರೆಯಲ್ಲೇ ಕೊಲೆಸ್ಟ್ರಾಲ್ ಇರುತ್ತದೆ. ಪೊರೆಯನ್ನು ಗಟ್ಟಿಯಾಗಿ ಇಟ್ಟು, ವೀರ್ಯಾಣು ದಾರಿಯಲ್ಲೇ ತನ್ನ ಶಕ್ತಿ ಕಳೆದುಕೊಳ್ಳದಂತೆ ಕಾಯುವುದು ಅದೇ. ಆದರೆ ಹೆಂಗಸಿನ ದೇಹ ಸೇರಿದ ಮೇಲೆ ಆ ಕೊಲೆಸ್ಟ್ರಾಲ್ ಕಳಚಬೇಕು. ಅಲ್ಲಿನ ದ್ರವದಲ್ಲಿರುವ ಅಲ್ಬುಮಿನ್ ಮುಂತಾದವು ಅದನ್ನು ಹೀರಿಕೊಳ್ಳುತ್ತವೆ. ಪೊರೆ ಸಡಿಲವಾಗುತ್ತದೆ, ಬಾಲ ಜೋರಾಗಿ ಬೀಸತೊಡಗುತ್ತದೆ, ತಲೆಯ ತುದಿಯ ಟೊಪ್ಪಿಯಂಥ ಅಕ್ರೊಸೋಮ್ ಮೊಟ್ಟೆಯ ಪದರ ಭೇದಿಸಲು ಸಿದ್ಧವಾಗುತ್ತದೆ. ವೀರ್ಯಾಣು ಹೊರಬಂದ ಕೂಡಲೇ ಮೊಟ್ಟೆಯೊಳಗೆ ಹೋಗಲಾರದು, ಒಂದಷ್ಟು ಹೊತ್ತು ಹೀಗೆ ಪಕ್ವವಾಗಬೇಕು ಅನ್ನುವುದನ್ನು 1951ರಲ್ಲಿ ಚಾಂಗ್ ಮತ್ತು ಆಸ್ಟಿನ್ ಬೇರೆಬೇರೆಯಾಗಿ ಕಂಡುಕೊಂಡರು.

ಪೊರೆಯಲ್ಲಿ ಕೊಲೆಸ್ಟ್ರಾಲ್ ಜಾಸ್ತಿ ಇದ್ದರೆ ಈ ಕಳಚುವಿಕೆ ತಡವಾಗುತ್ತದೆ. ಅಮೆರಿಕದ ಮಿಷಿಗನ್ ಮತ್ತು ಟೆಕ್ಸಸ್‌ನಲ್ಲಿ ಮಗುವಿಗಾಗಿ ಪ್ರಯತ್ನಿಸುತ್ತಿದ್ದ 501 ದಂಪತಿಗಳನ್ನು 2005ರಿಂದ 2009ರ ನಡುವೆ ಹಿಂಬಾಲಿಸಿದ ಅಧ್ಯಯನದಲ್ಲಿ, ರಕ್ತದಲ್ಲಿ ಕೊಲೆಸ್ಟ್ರಾಲ್ ಜಾಸ್ತಿ ಇದ್ದ ಗಂಡಸರಲ್ಲಿ ಅಕ್ರೊಸೋಮ್ ಸರಿಯಾಗಿರುವ ವೀರ್ಯಾಣುಗಳು ಕಡಿಮೆ ಇದ್ದವು. ಗಂಡ ಹೆಂಡತಿ ಇಬ್ಬರಿಗೂ ಕೊಲೆಸ್ಟ್ರಾಲ್ ಜಾಸ್ತಿ ಇದ್ದ ಜೋಡಿಗಳಿಗೆ ಗರ್ಭ ನಿಲ್ಲಲು ಹೆಚ್ಚು ಕಾಲ ಹಿಡಿಯಿತು. ಇದರಿಂದ "ಸ್ಟಾಟಿನ್ ತಿಂದರೆ ಬೇಗ ಮಗು" ಅಂತ ಹೇಳಲು ಬರುವುದಿಲ್ಲ. ಆದರೆ ಮಗುವಿಗಾಗಿ ಮಾತ್ರೆ ಬಿಟ್ಟು ಎಲ್‌ಡಿಎಲ್ ಏರಲು ಬಿಡುವುದು ಜಾಣತನವೇನಲ್ಲ ಅನ್ನುವುದಂತೂ ಗೊತ್ತಾಗುತ್ತದೆ.

ನಿಜಕ್ಕೂ ಹೆದರಬೇಕಾದ ಸೂಜಿ

ಬೊಜ್ಜು ಇರುವ ಗಂಡಸು ಟೆಸ್ಟ್ ಮಾಡಿಸುತ್ತಾನೆ. ಟೆಸ್ಟೊಸ್ಟೆರಾನ್ ಕಡಿಮೆ. ಜಿಮ್ಮಿನಲ್ಲೋ ಇಂಟರ್‌ನೆಟ್ಟಿನಲ್ಲೋ ಯಾರೋ "ಇಂಜೆಕ್ಷನ್ ತಗೊ, ಎಲ್ಲ ಸರಿ ಹೋಗುತ್ತೆ" ಅನ್ನುತ್ತಾರೆ. ಶಕ್ತಿ ಬರುತ್ತದೆ, ಮೈಕಟ್ಟು ಬರುತ್ತದೆ, ಕೌಂಟ್ ಮಾತ್ರ ನೆಲಕಚ್ಚುತ್ತದೆ. ವಾಲ್ವಿನ ಎರಡನೆಯ ಸಲ ಇದು. ಹೊರಗಿನಿಂದ ಟೆಸ್ಟೊಸ್ಟೆರಾನ್ ಬಂದಾಗ ತಲೆ ಆಜ್ಞೆ ನಿಲ್ಲಿಸುತ್ತದೆ, ವೃಷಣ ತನ್ನದೇ ಹಾರ್ಮೋನು ಮಾಡುವುದನ್ನು ಬಿಡುತ್ತದೆ, ಒಳಗಿನ ಆ ಹತ್ತಾರು ಪಟ್ಟು ಪ್ರಮಾಣ ಕುಸಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 200 ಮಿ.ಗ್ರಾಂ. ಟೆಸ್ಟೊಸ್ಟೆರಾನ್ ಇಂಜೆಕ್ಷನನ್ನು ಗಂಡಸರ ಗರ್ಭನಿರೋಧಕವಾಗಿ ಪರೀಕ್ಷಿಸಿ 1990ರಲ್ಲಿ ಫಲಿತಾಂಶ ಪ್ರಕಟಿಸಿತ್ತು. ಆರು ತಿಂಗಳಲ್ಲಿ ಸುಮಾರು 65% ಗಂಡಸರಲ್ಲಿ ವೀರ್ಯಾಣು ಪೂರ್ತಿ ಇಲ್ಲವಾಯಿತು. ಮಗು ಬೇಡ ಅನ್ನುವವರಿಗೆ ಕೊಟ್ಟು ನೋಡಿದ್ದನ್ನು ಮಗು ಬೇಕು ಅನ್ನುವವರು ದುಡ್ಡು ಕೊಟ್ಟು ಚುಚ್ಚಿಸಿಕೊಳ್ಳುತ್ತಾರೆ.

ಇಂಜೆಕ್ಷನ್ ನಿಲ್ಲಿಸಿದರೆ ಹೆಚ್ಚಿನವರಲ್ಲಿ ಕೌಂಟ್ ವಾಪಸ್ ಬರುತ್ತದೆ, ಆದರೆ ಹಲವು ತಿಂಗಳು, ಕೆಲವರಿಗೆ ವರ್ಷದ ಮೇಲೂ ಬೇಕಾಗುತ್ತದೆ. ಮಗು ಬೇಕಾದವರಲ್ಲಿ ಹಾರ್ಮೋನು ಏರಿಸಲೇಬೇಕಾದಾಗ ಕ್ಲೊಮಿಫೀನ್, ಎಚ್‌ಸಿಜಿಯಂಥ ಬೇರೆ ಔಷಧಿಗಳನ್ನು ತಜ್ಞರು ಬಳಸುತ್ತಾರೆ. ಅವು ವೃಷಣದಿಂದಲೇ ಕೆಲಸ ಮಾಡಿಸುತ್ತವೆ.

ತೂಕ ಇಳಿದರೆ ಕೌಂಟ್ ಏರುತ್ತದಾ?

ಏರುತ್ತದೆ ಅನ್ನುವುದಕ್ಕೆ ಒಳ್ಳೆಯ ಆಧಾರ ಡೆನ್ಮಾರ್ಕಿನಿಂದ ಬಂದಿದೆ. ಬಿ.ಎಂ.ಐ. 32ರಿಂದ 43ರವರೆಗೆ ಇದ್ದ 56 ಗಂಡಸರಿಗೆ 8 ವಾರ ದಿನಕ್ಕೆ 800 ಕ್ಯಾಲೊರಿ ಮಾತ್ರ ಕೊಟ್ಟರು. ಸರಾಸರಿ 16.5 ಕೇಜಿ ಇಳಿಯಿತು. ವೀರ್ಯಾಣುಗಳ ಸಾಂದ್ರತೆ ಸುಮಾರು ಒಂದೂವರೆ ಪಟ್ಟಾಯಿತು, ಒಟ್ಟು ಸಂಖ್ಯೆ 1.4 ಪಟ್ಟಾಯಿತು. ಆಮೇಲೆ ಒಂದು ವರ್ಷ ಅವರಲ್ಲಿ ಕೆಲವರಿಗೆ ವ್ಯಾಯಾಮ, ಕೆಲವರಿಗೆ ತೂಕ ಇಳಿಸುವ ಲಿರಾಗ್ಲುಟೈಡ್ ಇಂಜೆಕ್ಷನ್, ಕೆಲವರಿಗೆ ಎರಡೂ, ಕೆಲವರಿಗೆ ಯಾವುದೂ ಇಲ್ಲ. ಇಳಿದ ತೂಕವನ್ನು ಉಳಿಸಿಕೊಂಡವರಲ್ಲಿ ಲಾಭವೂ ಉಳಿಯಿತು. ತೂಕ ವಾಪಸ್ ಬಂದವರಲ್ಲಿ ಕೌಂಟ್ ಮೊದಲಿನಂತಾಯಿತು. 2022ರಲ್ಲಿ ಪ್ರಕಟವಾದ ಅಧ್ಯಯನ ಇದು. 800 ಕ್ಯಾಲೊರಿಯ ಊಟವನ್ನು ಮನೆಯಲ್ಲಿ ನೀವಾಗಿಯೇ ಮಾಡಬೇಡಿ, ಅಲ್ಲಿ ವೈದ್ಯರ ಕಣ್ಗಾವಲಿತ್ತು.

ಲಿರಾಗ್ಲುಟೈಡ್ ಬಳಗದ ಸೆಮಾಗ್ಲುಟೈಡ್ ಮತ್ತು ಅದಕ್ಕೆ ಹತ್ತಿರದ ಟಿರ್ಜೆಪಟೈಡ್ ತೂಕ ಇಳಿಸುವ ಇಂಜೆಕ್ಷನ್‌ಗಳಾಗಿ 2025ರಲ್ಲಿ ಭಾರತದ ಮಾರುಕಟ್ಟೆಗೂ ಬಂದವು. ಟೆಸ್ಟೊಸ್ಟೆರಾನಿನಂತೆ ಇವು ತಲೆಯ ವಾಲ್ವನ್ನು ಮುಚ್ಚುವುದಿಲ್ಲ, ತೂಕ ಇಳಿದಂತೆ ಹಾರ್ಮೋನು ಏರುವುದೇ ಹೆಚ್ಚು. ಹೊಟ್ಟೆ ಕಿರಿದು ಮಾಡುವ ಬೇರಿಯಾಟ್ರಿಕ್ ಸರ್ಜರಿಯ ಕಥೆ ಸ್ವಲ್ಪ ತೊಡಕಿನದು. ಟೆಸ್ಟೊಸ್ಟೆರಾನ್ ಚೆನ್ನಾಗಿ ಏರುತ್ತದೆ, ಆದರೆ ಕೆಲವರಲ್ಲಿ ಸರ್ಜರಿಯ ನಂತರದ ತಿಂಗಳುಗಳಲ್ಲಿ ಕೌಂಟ್ ಕುಸಿದ ವರದಿಗಳಿವೆ. ಪೋಷಕಾಂಶ ಸಾಲದೆ ಹೋಗುವುದು ಕಾರಣವಿರಬಹುದು. ಸರ್ಜರಿಗೆ ಮುಂಚೆ ವೀರ್ಯವನ್ನು ಶೀತಲೀಕರಿಸಿ ಇಡುವ ಬಗ್ಗೆ ಕೇಳಬಹುದು.

ಹಾಗಾದರೆ ಮಾತ್ರೆ ಏನು ಮಾಡಲಿ?

ಅದು ಮಾತ್ರೆ ಯಾಕೆ ಶುರುವಾಯಿತು ಅನ್ನುವುದರ ಮೇಲಿದೆ. ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ್ದರೆ, ಅಥವಾ ಮನೆತನದಲ್ಲೇ ವಿಪರೀತ ಕೊಲೆಸ್ಟ್ರಾಲ್ ಇದ್ದರೆ, ಬಿಡುವ ಮಾತೇ ಬೇಡ. ನಮ್ಮಲ್ಲಿ ಈ ವಯಸ್ಸಿನವರಿಗೂ ಅದು ದೂರದ ಮಾತಲ್ಲ. 40 ದಾಟದವರ ಹೃದಯಾಘಾತಗಳಿಗೆಂದೇ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ 2017ರಿಂದ ಪ್ರತ್ಯೇಕ ದಾಖಲೆ ಇಡುತ್ತಿದೆ. ಮಾಸ್ಟರ್ ಚೆಕಪ್ಪಿನಲ್ಲಿ ಅಂಕಿ ಸ್ವಲ್ಪ ಜಾಸ್ತಿ ಬಂತು ಅಂತ ಶುರು ಮಾಡಿದ್ದು, ಬೇರೆ ಅಪಾಯ ಏನೂ ಇಲ್ಲ, ಕೌಂಟ್ ಮಾತ್ರ ಕಡಿಮೆ ಅಂದರೆ ಡಾಕ್ಟರೇ ಮೂರು ನಾಲ್ಕು ತಿಂಗಳು ನಿಲ್ಲಿಸಿ ನೋಡೋಣ ಅನ್ನಬಹುದು. ಅಂಥವರಲ್ಲಿ ಮಾತ್ರೆಯ ಲಾಭ ದಶಕಗಳಲ್ಲಿ ಬರುವಂಥದ್ದು, ಕೆಲವು ತಿಂಗಳ ಬಿಡುವಿನಿಂದ ಹೆಚ್ಚೇನೂ ಹೋಗುವುದಿಲ್ಲ. ನಿಲ್ಲಿಸುವ ಮುಂಚೆ ಒಂದು, ಮೂರು ತಿಂಗಳ ನಂತರ ಒಂದು ವೀರ್ಯ ಪರೀಕ್ಷೆ ಮಾಡಿಸಿದರೆ ಉತ್ತರ ನಿಮ್ಮ ದೇಹದಿಂದಲೇ ಸಿಗುತ್ತದೆ.

ಮಗು ಆಗದಿದ್ದಾಗ ಹೆಂಡತಿಗೆ ಸ್ಕ್ಯಾನ್ ಮೇಲೆ ಸ್ಕ್ಯಾನ್ ಮಾಡಿಸಿ, ಗಂಡನಿಗೆ ವರ್ಷದ ಮೇಲೆ ಒಂದು ವೀರ್ಯ ಪರೀಕ್ಷೆ ಮಾಡಿಸುವ ಮನೆಗಳು ಈಗಲೂ ಇವೆ. ಮಕ್ಕಳಾಗದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಗಂಡನ ಕಡೆಯ ಕಾರಣವೂ ಇರುತ್ತದೆ. ಇಬ್ಬರಿಗೂ ಟೆಸ್ಟ್ ಒಟ್ಟಿಗೇ ಶುರುವಾಗಬೇಕು. ತೂಕ ಇಳಿಸಿ ಕೌಂಟ್ ಏರಲಿ ಅಂತ ಕಾಯುವುದಕ್ಕೂ ಒಂದು ಮಿತಿ ಇದೆ. ತೂಕ ಇಳಿಯಲು ಕೆಲವು ತಿಂಗಳು, ಹೊಸ ವೀರ್ಯಾಣು ಬರಲು ಇನ್ನು ಮೂರು ತಿಂಗಳು. ಹೆಂಡತಿಗೆ ಮೂವತ್ತರ ಒಳಗಾದರೆ ಅಷ್ಟು ಕಾಯಬಹುದು. 35 ದಾಟಿದ್ದರೆ ಆರು ತಿಂಗಳ ಪ್ರಯತ್ನದ ನಂತರ ತಜ್ಞರನ್ನು ಕಾಣಬೇಕು ಅನ್ನುವುದು ನಿಯಮ, ಗಂಡನ ಡಯಟ್ ಮುಗಿಯಲಿ ಅಂತ ಅದನ್ನು ಮುಂದೂಡಬೇಡಿ. ಡಯಟ್ ಒಂದು ಕಡೆ ನಡೆಯಲಿ, ಚಿಕಿತ್ಸೆ ಇನ್ನೊಂದು ಕಡೆ ನಡೆಯಲಿ.